ಪ್ರಶ್ನೆಪತ್ರಿಕೆ ಬರೆಯುವ ಮೊದಲು: ಓದುಗರ ಪ್ರಶ್ನೆಗಳು, ಉತ್ತರಗಳು

ಈ ಸಲದ ಪತ್ರಗಳೆಲ್ಲ ಪರೀಕ್ಷೆ ಮತ್ತು ಅಂಕದ ಸುತ್ತಲೇ ಇವೆ. ಬರೆದವರು ಬಹುಪಾಲು ಶಿಕ್ಷಕರು, ಒಬ್ಬರು ತಾಯಿ. ಹೆಸರು, ಶಾಲೆ ಬಿಟ್ಟು ಜಿಲ್ಲೆ ಮಾತ್ರ ಹಾಕಿದ್ದೇನೆ. ಪತ್ರಗಳನ್ನು ಸ್ವಲ್ಪ ಮೊಟಕು ಮಾಡಿದ್ದೇನೆ.

ಪ್ರಶ್ನೆ: ಮೇಡಂ, ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೊಸದಾಗಿ ಸೇರಿದ್ದೇನೆ. ಆರು, ಏಳನೇ ತರಗತಿಗೆ ಗಣಿತ, ವಿಜ್ಞಾನ ಹೇಳಿಕೊಡುತ್ತೇನೆ. ತರಗತಿಯಲ್ಲಿ ಚುರುಕಾಗಿ ಉತ್ತರ ಹೇಳುವ ಮಕ್ಕಳು ಕಿರು ಪರೀಕ್ಷೆಯಲ್ಲಿ ಹಿಂದೆ ಬೀಳುತ್ತಾರೆ. ನೋಟ್ಸ್ ಬಾಯಿಪಾಠ ಮಾಡಿದವರಿಗೆ ಪೂರ್ತಿ ಅಂಕ ಬರುತ್ತದೆ. ಕಲಿಕಾ ಫಲಕ್ಕೆ ತಕ್ಕಂತೆ ಪ್ರಶ್ನೆ ಮಾಡಿ ಅಂತ ತರಬೇತಿಯಲ್ಲಿ ಹೇಳಿದರು. ಹೇಗೆ ಅಂತ ಯಾರೂ ಕೂತು ತೋರಿಸಲಿಲ್ಲ.
— ಶಿಕ್ಷಕಿ, ರಾಯಚೂರು ಜಿಲ್ಲೆ

ಉತ್ತರ: ಸರಿ, ಇಲ್ಲೇ ಕೂತು ನೋಡೋಣ.

ಕಲಿಕಾ ಫಲ ಅಂದರೆ ಕಲಿತ ಮೇಲೆ ಮಗುವಿಗೆ ಏನು ಮಾಡಲು ಬರಬೇಕು ಅನ್ನುವುದು. ಅವುಗಳ ಪಟ್ಟಿಯನ್ನು ಶಾಲಾ ಪಠ್ಯ ರೂಪಿಸುವ ಕೇಂದ್ರ ಸಂಸ್ಥೆ ಎನ್‌ಸಿಇಆರ್‌ಟಿ 2017ರಲ್ಲಿ ಹೊರತಂದಿತು. ಅದೇ ವರ್ಷ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ನಿಯಮಗಳಲ್ಲೂ ಕಲಿಕಾ ಫಲ ಸೇರಿತು. ಎನ್‌ಸಿಇಆರ್‌ಟಿ ಪಟ್ಟಿಯಲ್ಲಿ ಆರನೇ ತರಗತಿ ವಿಜ್ಞಾನಕ್ಕೆ ಹೇಳಿದ ಒಂದು ಫಲ ತೆಗೆದುಕೊಳ್ಳಿ: ಮಗು ಸರಳವಾದ ಪ್ರಯೋಗ ಮಾಡಿ ತನ್ನ ಪ್ರಶ್ನೆಗೆ ಉತ್ತರ ಹುಡುಕಬೇಕು. ತೂಗುಬಿಟ್ಟ ಆಯಸ್ಕಾಂತ ಒಂದೇ ದಿಕ್ಕಿಗೆ ನಿಲ್ಲುತ್ತದೆಯೇ ಅನ್ನುವ ಉದಾಹರಣೆಯೂ ಅಲ್ಲೇ ಇದೆ. ಈಗ ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಈ ಪಾಠದ ಮೇಲೆ ಏನಿರುತ್ತದೆ ನೋಡಿ. 'ಆಯಸ್ಕಾಂತ ಎಂದರೇನು?' 'ಆಯಸ್ಕಾಂತದ ಎರಡು ಗುಣಗಳನ್ನು ಬರೆಯಿರಿ.' 'ತೂಗುಬಿಟ್ಟ ಆಯಸ್ಕಾಂತವು ____ ದಿಕ್ಕಿಗೆ ನಿಲ್ಲುತ್ತದೆ.' ಮೂರಕ್ಕೂ ದಾರ, ಆಯಸ್ಕಾಂತ ಮುಟ್ಟದೇ ಇರುವ ಮಗು ಸಲೀಸಾಗಿ ಉತ್ತರ ಬರೆಯುತ್ತದೆ. ದಾರ ಕಟ್ಟಿ, ಮೂರು ಸಲ ತಿರುಗಿಸಿ ಬಿಟ್ಟು, ಏನಾಗುತ್ತದೆ ಅಂತ ಕಣ್ಣಾರೆ ನೋಡಿದ ಮಗುವಿಗೆ ತಾನು ಮಾಡಿದ್ದನ್ನು ಹೇಳಲು ಇಲ್ಲಿ ಜಾಗವೇ ಇಲ್ಲ. ನಿಮ್ಮ ಚುರುಕು ಮಕ್ಕಳಿಗೆ ಆಗುತ್ತಿರುವುದು ಇದೇ ಇರಬಹುದು.

ಹಾಗಾಗಿ ಪ್ರಶ್ನೆ ಬರೆಯುವ ಮೊದಲು ಒಂದು ಸಾಲು ಬರೆದುಕೊಳ್ಳಿ: ಮಗು ಏನು ಮಾಡಿ ತೋರಿಸಿದರೆ ಇದು ಬಂದಿದೆ ಅಂತ ನಾನು ಒಪ್ಪುತ್ತೇನೆ? ಆಯಸ್ಕಾಂತದ ವಿಷಯದಲ್ಲಿ ಆ ಸಾಲು ಹೀಗಿರಬಹುದು: 'ಒಂದೇ ಸಲ ನೋಡಿ ತೀರ್ಮಾನಕ್ಕೆ ಬರುವುದಿಲ್ಲ, ಫಲಿತಾಂಶ ಬೇರೆ ಬಂದರೆ ಕಾರಣ ಹುಡುಕುತ್ತದೆ.' ಆ ಸಾಲು ಕೈಯಲ್ಲಿದ್ದರೆ ಪ್ರಶ್ನೆ ತಾನಾಗಿ ಬರುತ್ತದೆ. 'ಒಬ್ಬ ಹುಡುಗಿ ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ ಕಬ್ಬಿಣದ ಬೆಂಚಿನ ಹತ್ತಿರ ತೂಗುಬಿಟ್ಟಳು. ಅದು ಉತ್ತರ-ದಕ್ಷಿಣಕ್ಕೆ ನಿಲ್ಲಲಿಲ್ಲ. ಕಾರಣ ಏನಿರಬಹುದು? ನೀನಾದರೆ ಏನನ್ನು ಬದಲಿಸಿ ಮತ್ತೆ ನೋಡುತ್ತೀಯ?' ಇದನ್ನು ಬಾಯಿಪಾಠದಿಂದ ದಾಟಲು ಆಗುವುದಿಲ್ಲ. ಸಾಮಾನು ಇದ್ದರೆ ಇನ್ನೂ ಒಳ್ಳೆಯದು, ನಾಲ್ಕು ಮಕ್ಕಳ ಗುಂಪಿಗೆ ಒಂದು ಆಯಸ್ಕಾಂತ ಕೊಟ್ಟು ಮಾಡಿಸಿಯೇ ನೋಡಿ, ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಕಲಿಕೆ ನಡೆಯುತ್ತಿರುವಾಗಲೇ ಮಾಡುವ ಮೌಲ್ಯಮಾಪನ, ಇರುವುದೇ ಅದಕ್ಕೆ.

ಗಣಿತದಲ್ಲಿ ಇನ್ನೊಂದು ತೊಡಕು ಇದೆ. ಉತ್ತರ ಸರಿಯಾಗಿದ್ದರೂ ಯೋಚನೆ ತಪ್ಪಿರಬಹುದು. ದಶಮಾಂಶವನ್ನೇ ನೋಡಿ. 0.6, 0.45, 0.123, 0.09 ಇವುಗಳಲ್ಲಿ ದೊಡ್ಡದು ಯಾವುದು ಅಂತ ಕೇಳಿದಿರಿ ಅನ್ನಿ. ಕೆಲವು ಮಕ್ಕಳು 0.123 ಅನ್ನುತ್ತಾರೆ, ಅವರು ಚುಕ್ಕೆಯ ಆಚೆಗಿನದನ್ನು ನೂರ ಇಪ್ಪತ್ಮೂರು ಅಂತ ಓದುತ್ತಿದ್ದಾರೆ. ಅದು ಗೊತ್ತಾಗುತ್ತದೆ. ಆದರೆ ಇನ್ನು ಕೆಲವು ಮಕ್ಕಳಲ್ಲಿ ಅಂಕಿ ಕಡಿಮೆ ಇದ್ದಷ್ಟೂ ಸಂಖ್ಯೆ ದೊಡ್ಡದು ಅನ್ನುವ ತಪ್ಪು ಕಲ್ಪನೆ ಇರುತ್ತದೆ. ಹತ್ತನೇ ಒಂದು ಭಾಗ ಸಾವಿರದ ಒಂದು ಭಾಗಕ್ಕಿಂತ ದೊಡ್ಡದಲ್ವಾ, ಹಾಗಾಗಿ ಒಂದೇ ಅಂಕಿ ಇರುವುದು ದೊಡ್ಡದು ಅನ್ನುವುದು ಅವರ ಲೆಕ್ಕ. ಅವರು 0.6 ಅನ್ನುತ್ತಾರೆ. ನೀವು ಸರಿ ಅಂತ ಗುರುತು ಹಾಕಿ ಅಂಕ ಕೊಡುತ್ತೀರಿ. ಆ ತಪ್ಪು ಕಲ್ಪನೆ ಹಾಗೇ ಎಂಟನೇ ತರಗತಿಗೆ ಹೋಗುತ್ತದೆ.

ಅದೇ ಪ್ರಶ್ನೆಯನ್ನು 0.3, 0.35, 0.278 ಅಂತ ಕೇಳಿ. ಮೊದಲನೇ ಗುಂಪು 0.278 ಅನ್ನುತ್ತದೆ, ಎರಡನೇ ಗುಂಪು 0.3 ಅನ್ನುತ್ತದೆ, ಸ್ಥಾನಬೆಲೆ ತಿಳಿದವರು ಮಾತ್ರ 0.35 ಅನ್ನುತ್ತಾರೆ. ಮೂರು ಆಯ್ಕೆ, ಮೂರಕ್ಕೂ ಒಂದೊಂದು ಅರ್ಥ. ಬಹು ಆಯ್ಕೆ ಪ್ರಶ್ನೆ ಮಾಡುವಾಗ ತಪ್ಪು ಆಯ್ಕೆಗಳನ್ನು ಸುಮ್ನೆ ತುಂಬಬೇಡಿ. ಮಕ್ಕಳ ನೋಟ್‌ಬುಕ್ಕಿನಲ್ಲಿ ನೀವು ದಿನಾ ಕಾಣುವ ತಪ್ಪುಗಳನ್ನೇ ಆಯ್ಕೆಗಳಾಗಿ ಇಡಿ. ಇದಕ್ಕೆ ಗೈಡ್ ಬೇಕಿಲ್ಲ, ನಿಮ್ಮ ತರಗತಿಯ ನೋಟ್‌ಬುಕ್ಕುಗಳ ರಾಶಿಯೇ ಸಾಕು.

ಪ್ರಶ್ನೆ: ನಮ್ಮಲ್ಲಿ ಪ್ರಶ್ನೆಪತ್ರಿಕೆ ಮೊದಲು ತಯಾರಾಗುತ್ತದೆ, ನೀಲನಕ್ಷೆ ಆಮೇಲೆ ತುಂಬುತ್ತೇವೆ. ಫೈಲಿನಲ್ಲಿ ಇರಲಿ ಅಂತ. ನೀಲನಕ್ಷೆಯಿಂದ ನಿಜವಾಗಿ ಏನಾದರೂ ಉಪಯೋಗ ಇದೆಯೇ?
— ಶಿಕ್ಷಕ, ಧಾರವಾಡ ಜಿಲ್ಲೆ

ಉತ್ತರ: ನೀಲನಕ್ಷೆ, ಅಂದರೆ ಯಾವ ಭಾಗಕ್ಕೆ, ಯಾವ ಬಗೆಯ ಪ್ರಶ್ನೆಗೆ ಎಷ್ಟು ಅಂಕ ಅನ್ನುವ ಕೋಷ್ಟಕ, ಆಮೇಲೆ ತುಂಬುವುದರಿಂದ ಏನೂ ಉಪಯೋಗ ಇಲ್ಲ. ಮೊದಲು ಮಾಡಿದರೆ ತುಂಬಾ ಇದೆ, ಯಾಕಂದರೆ ನೀವು ಕಲಿಸಿದ್ದಕ್ಕೂ ಕೇಳುವುದಕ್ಕೂ ನಡುವೆ ಇರುವ ಅಂತರ ಕಾಣುವುದು ಅಲ್ಲಿ ಮಾತ್ರ.

ದೊಡ್ಡ ಕೋಷ್ಟಕ ಬೇಡ. ದಶಮಾಂಶಕ್ಕೆ ನೀವು 10 ಅವಧಿ ತೆಗೆದುಕೊಂಡಿದ್ದೀರಿ ಅಂದುಕೊಳ್ಳಿ. ಸ್ಥಾನಬೆಲೆ ಮತ್ತು ಹೋಲಿಕೆಗೆ 3, ಹಣ-ಉದ್ದ-ತೂಕದ ಲೆಕ್ಕಗಳಿಗೆ 4, ಅಂದಾಜು ಮಾಡುವುದಕ್ಕೆ 3. ಪರೀಕ್ಷೆ 20 ಅಂಕದ್ದಾದರೆ 6, 8, 6 ಅಂತ ಹಂಚಿಕೊಳ್ಳಿ. ಇಷ್ಟು ಬರೆದ ಮೇಲೆ ನಿಮ್ಮ ಹಳೆಯ ಪ್ರಶ್ನೆಪತ್ರಿಕೆ ತೆಗೆದು ಪಕ್ಕದಲ್ಲಿಟ್ಟು ನೋಡಿ. ಅಂದಾಜಿಗೆ ಒಂದು ಅಂಕವೂ ಇಲ್ಲದೆ, ಕೂಡುವ ಕಳೆಯುವ ಲೆಕ್ಕಕ್ಕೇ 14 ಅಂಕ ಹೋಗಿರುವ ಸಾಧ್ಯತೆ ಜಾಸ್ತಿ. ಅಂಥ ಲೆಕ್ಕ ಮಾಡುವುದು, ತಿದ್ದುವುದು ಎರಡೂ ಸುಲಭ, ಅದಕ್ಕೇ ಅವು ಜಾಗ ಹಿಡಿಯುತ್ತವೆ.

ನೀಲನಕ್ಷೆಯಲ್ಲಿ ಜ್ಞಾನ, ತಿಳಿವಳಿಕೆ, ಅನ್ವಯ ಅಂತ ಅಂಕಣಗಳಿರುತ್ತವಲ್ಲ, ಅವು 1956ರಲ್ಲಿ ಅಮೆರಿಕದ ಶಿಕ್ಷಣ ತಜ್ಞ ಬೆಂಜಮಿನ್ ಬ್ಲೂಮ್ ಮತ್ತು ಅವರ ಜೊತೆಗಾರರು ಮಾಡಿದ ವಿಂಗಡಣೆಯಿಂದ ಬಂದವು. ಅಲ್ಲಿ ಒಂದು ಎಚ್ಚರಿಕೆ ಬೇಕು. 'ಕಾರಣ ಕೊಡಿ' ಅಂದ ತಕ್ಷಣ ಅದು ಅನ್ವಯದ ಪ್ರಶ್ನೆ ಆಗುವುದಿಲ್ಲ. ಆ ಕಾರಣವನ್ನು ನೀವೇ ನೋಟ್ಸಿನಲ್ಲಿ ಬರೆಸಿದ್ದರೆ ಅದು ನೆನಪಿನ ಪ್ರಶ್ನೆ, ಅಷ್ಟೇ. ಅನ್ವಯ ಅಂತ ಬರೆಯಬೇಕಾದರೆ ಸನ್ನಿವೇಶ ಮಗುವಿಗೆ ಹೊಸದಾಗಿರಬೇಕು, ಆದರೆ ಬೇಕಾದ ತಿಳಿವಳಿಕೆ ಕಲಿತದ್ದೇ ಆಗಿರಬೇಕು. ಒಂದೇ ಪ್ರಶ್ನೆ ಒಂದು ಶಾಲೆಯಲ್ಲಿ ಅನ್ವಯ, ಪಕ್ಕದ ಶಾಲೆಯಲ್ಲಿ ನೆನಪು ಆಗಬಹುದು. ಹೊರಗಿನಿಂದ ಬಂದ ಪ್ರಶ್ನೆಪತ್ರಿಕೆ ನಿಮ್ಮ ತರಗತಿಗೆ ಸರಿಹೊಂದದೇ ಇರಲು ಇದೂ ಒಂದು ಕಾರಣ.

'ಅಥವಾ' ಪ್ರಶ್ನೆಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಎರಡೂ ಒಂದೇ ಕಲಿಕಾ ಫಲವನ್ನು, ಒಂದೇ ಮಟ್ಟದಲ್ಲಿ ಕೇಳಬೇಕು. ಒಂದು ಕಡೆ ಚಿತ್ರ ಬರೆದು ಭಾಗ ಗುರುತಿಸುವುದು, ಇನ್ನೊಂದು ಕಡೆ ವಿವರಿಸುವುದು ಅಂತ ಇಟ್ಟರೆ ಇಬ್ಬರು ಮಕ್ಕಳು ಎರಡು ಬೇರೆ ಪರೀಕ್ಷೆ ಬರೆದ ಹಾಗಾಯಿತು.

ಪ್ರಶ್ನೆಪತ್ರಿಕೆ ಮುಗಿದ ಮೇಲೆ ಪೆನ್ನು ಹಿಡಿದು ನೀವೇ ಪೂರ್ತಿ ಬರೆದು ನೋಡಿ. ನಿಮಗೆ ಹಿಡಿದ ಸಮಯದ ಮೂರರಷ್ಟಾದರೂ ಮಕ್ಕಳಿಗೆ ಕೊಡಿ, ಇದು ನಾನು ಇಟ್ಟುಕೊಂಡಿರುವ ಅಳತೆ. ಯಾವ ಪ್ರಶ್ನೆಗೆ ಎರಡು ಅರ್ಥ ಬರುತ್ತದೆ, ಎಲ್ಲಿ ಉತ್ತರ ಬರೆಯಲು ಜಾಗ ಸಾಲದು, ಇಂಥವೆಲ್ಲ ಬರೆಯುವಾಗಲೇ ಕಣ್ಣಿಗೆ ಬೀಳುತ್ತವೆ.

ಪ್ರಶ್ನೆ: ನಮ್ಮ ಶಾಲೆಗೆ ಎರಡು ತಾಂಡಾಗಳಿಂದ ಮಕ್ಕಳು ಬರುತ್ತಾರೆ. ಮನೆಯಲ್ಲಿ ಲಂಬಾಣಿ ಮಾತು. ಬಾಯಲ್ಲಿ ಲೆಕ್ಕ ಕೇಳಿದರೆ ಫಟ್ ಅಂತ ಹೇಳುವ ಹುಡುಗರು ಬರವಣಿಗೆಯ ಲೆಕ್ಕದಲ್ಲಿ ಸೊನ್ನೆ ತೆಗೆಯುತ್ತಾರೆ. ಪ್ರಶ್ನೆಯನ್ನು ಸುಲಭ ಮಾಡಿದರೆ ಉಳಿದವರಿಗೆ ಅನ್ಯಾಯ ಅಂತ ಸಹೋದ್ಯೋಗಿಗಳು ಹೇಳುತ್ತಾರೆ.
— ಶಿಕ್ಷಕಿ, ವಿಜಯಪುರ ಜಿಲ್ಲೆ

ಉತ್ತರ: ಈ ಪತ್ರಕ್ಕಾಗಿ ನಿಮಗೆ ಧನ್ಯವಾದ. ಇದು ಎಷ್ಟೋ ಶಾಲೆಗಳಲ್ಲಿ ಇದೆ, ಯಾರೂ ಕೇಳುವುದಿಲ್ಲ. ಕರಾವಳಿಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮಕ್ಕಳು, ಬಳ್ಳಾರಿ ಕಡೆ ತೆಲುಗು ಮನೆಮಾತಿನ ಮಕ್ಕಳು, ಎಲ್ಲರ ಕಥೆಯೂ ಇದೇ.

ಈ ಲೆಕ್ಕ ನೋಡಿ. 'ಓರ್ವ ರೈತನು ತನ್ನ ಹೊಲದಲ್ಲಿ ಬೆಳೆದ 112.5 ಕೆ.ಜಿ. ಶೇಂಗಾವನ್ನು ತಲಾ 7.5 ಕೆ.ಜಿ. ಹಿಡಿಸುವ ಚೀಲಗಳಲ್ಲಿ ತುಂಬಿ ಮಾರುಕಟ್ಟೆಗೆ ಸಾಗಿಸಲು ಉದ್ದೇಶಿಸಿದಲ್ಲಿ, ಅವನಿಗೆ ಅವಶ್ಯವಿರುವ ಚೀಲಗಳ ಸಂಖ್ಯೆಯನ್ನು ಕಂಡುಹಿಡಿಯಿರಿ.' ಈಗ ಇದನ್ನು ನೋಡಿ. '112.5 ಕೆ.ಜಿ. ಶೇಂಗಾ ಇದೆ. ಒಂದು ಚೀಲದಲ್ಲಿ 7.5 ಕೆ.ಜಿ. ಹಿಡಿಯುತ್ತದೆ. ಎಷ್ಟು ಚೀಲ ಬೇಕು?' ಗಣಿತ ಒಂದು ಚೂರೂ ಕಡಿಮೆಯಾಗಿಲ್ಲ. ಭಾಗಾಕಾರ ಅಂತ ಮಗುವೇ ಗುರುತಿಸಬೇಕು, ದಶಮಾಂಶವನ್ನು ಮಗುವೇ ಸಂಭಾಳಿಸಬೇಕು, ಉತ್ತರ 15 ಅಂತ ಬರಬೇಕು. ಕಡಿಮೆಯಾದದ್ದು ಭಾಷೆಯ ಭಾರ ಮಾತ್ರ, ಅದನ್ನು ನೀವು ಅಳೆಯಲು ಹೊರಟಿರಲಿಲ್ಲ. ನಿಮ್ಮ ಸಹೋದ್ಯೋಗಿಗಳಿಗೆ ಈ ಎರಡನ್ನೂ ಪಕ್ಕಪಕ್ಕದಲ್ಲಿ ತೋರಿಸಿ. ಕನ್ನಡ ಮನೆಮಾತಿನ ಮಕ್ಕಳೂ ಎರಡನೆಯದನ್ನೇ ಚೆನ್ನಾಗಿ ಮಾಡುತ್ತಾರೆ, ಯಾರಿಗೂ ಅನ್ಯಾಯ ಆಗುವುದಿಲ್ಲ.

ಗಣಿತ, ವಿಜ್ಞಾನದ ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಎಲ್ಲರಿಗೂ ಒಮ್ಮೆ ಜೋರಾಗಿ ಓದಿ ಹೇಳಿ. ಚಿತ್ರ ಬರೆದು ಉತ್ತರ ಕೊಡಲು ಬಿಡಿ. ವಿಜ್ಞಾನದ ಉತ್ತರದಲ್ಲಿ ಒಂದು ಲಂಬಾಣಿ ಪದ ಬಂದರೆ, ಅದು ವಿಷಯ ಸರಿಯಾಗಿ ಹೇಳುತ್ತಿದ್ದರೆ, ಅಂಕ ಕೊಡಿ. ಆದರೆ ಕನ್ನಡ ಪರೀಕ್ಷೆಯಲ್ಲಿ ಓದಿ ಅರ್ಥ ಮಾಡಿಕೊಳ್ಳುವುದೇ ಕಲಿಕಾ ಫಲ ಆಗಿದ್ದಾಗ ಓದಿ ಹೇಳಬಾರದು, ಆಗ ನೀವು ಅಳೆಯಬೇಕಾದ್ದನ್ನೇ ಮಗುವಿನ ಕೈಯಿಂದ ಕಿತ್ತುಕೊಂಡ ಹಾಗಾಗುತ್ತದೆ. ಯಾವ ಸಹಾಯ ಕೊಡಬಹುದು ಅನ್ನುವ ಪ್ರಶ್ನೆ ಬಂದಾಗಲೆಲ್ಲ ಹೀಗೇ ಯೋಚಿಸಿ: ಈ ಸಹಾಯ ನಾನು ಅಳೆಯುತ್ತಿರುವುದನ್ನು ಮುಟ್ಟುತ್ತದೆಯೇ? ಮುಟ್ಟದಿದ್ದರೆ ಧಾರಾಳವಾಗಿ ಕೊಡಿ. ಕಣ್ಣು ಮಂಜಾದ ಮಗುವಿಗೆ ದೊಡ್ಡ ಅಕ್ಷರ, ಓದು ನಿಧಾನವಾದ ಮಗುವಿಗೆ ಹೆಚ್ಚು ಸಮಯ, ಎಲ್ಲಕ್ಕೂ ಇದೇ ಲೆಕ್ಕ. ಆರ್‌ಟಿಇ ಕಾಯ್ದೆಯ 29ನೇ ಸೆಕ್ಷನ್ ಕೇಳುವುದೂ ಮಗುವಿನ ತಿಳಿವಳಿಕೆ ಮತ್ತು ಅದನ್ನು ಬಳಸುವ ಶಕ್ತಿಯ ಮೌಲ್ಯಮಾಪನವನ್ನೇ. ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿ ಕಲಿಸಬೇಕು ಅಂತಲೂ ಅದೇ ಸೆಕ್ಷನ್ ಹೇಳುತ್ತದೆ.

ಸನ್ನಿವೇಶಗಳನ್ನೂ ಒಮ್ಮೆ ನೋಡಿಕೊಳ್ಳಿ. ಮೆಟ್ರೋ ಕಾರ್ಡು, ಲಿಫ್ಟು, ಈಜುಕೊಳದ ಲೆಕ್ಕ ನಿಮ್ಮ ಮಕ್ಕಳಿಗೆ ಎರಡು ಪಟ್ಟು ಕಷ್ಟ. ಸಂತೆ, ಬಸ್ ಟಿಕೆಟ್, ಹಾಲಿನ ಡೈರಿ, ಬಿಸಿಯೂಟದ ಅಕ್ಕಿಬೇಳೆ ಇವು ಎಲ್ಲರಿಗೂ ಗೊತ್ತು.

ಪ್ರಶ್ನೆ: ನನ್ನ ಮಗಳು ಏಳನೇ ತರಗತಿ. ಕನ್ನಡದಲ್ಲಿ ಪತ್ರ ಬರೆಯುವ ಪ್ರಶ್ನೆಗೆ ಅವಳಿಗೆ 5ಕ್ಕೆ 2 ಬಂತು, ಅವಳ ಗೆಳತಿಗೆ 5. ಎರಡೂ ಪತ್ರ ಓದಿದೆ, ನನಗೆ ವ್ಯತ್ಯಾಸ ಕಾಣಲಿಲ್ಲ, ಗೆಳತಿಯ ಅಕ್ಷರ ಮುದ್ದಾಗಿದೆ ಅಷ್ಟೇ. ಟೀಚರ್ ಹತ್ತಿರ ಕೇಳಿದರೆ ತಪ್ಪು ತಿಳಿಯುತ್ತಾರೇನೋ.
— ತಾಯಿ, ಮೈಸೂರು

ಉತ್ತರ: ಖಂಡಿತ ಕೇಳಿ ತಾಯಿ. 'ಅಂಕ ಯಾಕೆ ಕಡಿಮೆ' ಅಂತ ಕೇಳುವ ಬದಲು 'ಮುಂದಿನ ಸಲ ಪತ್ರದಲ್ಲಿ ಏನಿದ್ದರೆ ಪೂರ್ತಿ ಅಂಕ ಬರುತ್ತದೆ ಮಿಸ್' ಅಂತ ಮಗಳ ಕೈಯಲ್ಲೇ ಕೇಳಿಸಿ. ಯಾವ ಶಿಕ್ಷಕರೂ ಇದಕ್ಕೆ ಬೇಸರ ಮಾಡಿಕೊಳ್ಳಬಾರದು.

ಇದು ಒಬ್ಬ ಟೀಚರ್ ಸಮಸ್ಯೆ ಅಂತ ಮಾತ್ರ ತಿಳಿಯಬೇಡಿ. ಅಮೆರಿಕದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಅನ್ನುವ ಇಬ್ಬರು 1912ರಲ್ಲಿ ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯನ್ನು ನೂರಕ್ಕೂ ಹೆಚ್ಚು ಶಿಕ್ಷಕರಿಗೆ ಕಳಿಸಿ ತಿದ್ದಿಸಿದರು. ಅಂಕಗಳು ಎಲ್ಲೆಲ್ಲೋ ಚೆದುರಿ ಬಂದವು. ಭಾಷೆಯ ವಿಷಯದಲ್ಲಿ ಹಾಗೇ ಅಂತ ಕೆಲವರು ಅಂದಾಗ ಮರುವರ್ಷ ಜ್ಯಾಮಿತಿ ಪತ್ರಿಕೆ ಕಳಿಸಿದರು. ಅಲ್ಲಿ ಅಂತರ ಇನ್ನೂ ಜಾಸ್ತಿ. ಒಂದೇ ಪತ್ರಿಕೆಗೆ 100ಕ್ಕೆ 30 ಕೂಡ ಕೊಡದವರಿದ್ದರು, 90ರ ಮೇಲೆ ಕೊಟ್ಟವರೂ ಇದ್ದರು. ಅಂದವಾಗಿ ಬರೆದಿದ್ದಕ್ಕೆ, ಹೆಜ್ಜೆಗಳಿಗೆ, ಬರೀ ಉತ್ತರಕ್ಕೆ ಒಬ್ಬೊಬ್ಬರು ಒಂದೊಂದು ಥರ ಬೆಲೆ ಕಟ್ಟಿದ್ದರು.

ಇದನ್ನು ಓದುತ್ತಿರುವ ಶಿಕ್ಷಕರಿಗೆ: ಪ್ರಶ್ನೆ ಬರೆಯುವಾಗಲೇ ಅಂಕ ಹಂಚಿಕೆ ಬರೆದಿಡಿ. 'ಕುಡಿಯುವ ನೀರಿನ ತೊಂದರೆ ಬಗ್ಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಮನವಿ ಪತ್ರ' ಅಂದರೆ, ತೊಂದರೆ ಏನು, ಎಲ್ಲಿ, ಯಾವಾಗಿನಿಂದ ಅಂತ ಸ್ಪಷ್ಟವಾಗಿ ಹೇಳಿದ್ದಕ್ಕೆ 2, ಏನು ಮಾಡಿಕೊಡಬೇಕು ಅಂತ ಕೇಳಿದ್ದಕ್ಕೆ 1, ಪತ್ರದ ಭಾಗಗಳು ಸರಿಯಿದ್ದರೆ 1, ವಾಕ್ಯ ಮತ್ತು ಕಾಗುಣಿತಕ್ಕೆ 1. ಅಕ್ಷರದ ಅಂದಕ್ಕೆ ಇಲ್ಲಿ ಅಂಕ ಇಲ್ಲ. ಓದಲು ಬಂದರೆ ಸಾಕು. ಈ ಹಂಚಿಕೆಯನ್ನು ಪರೀಕ್ಷೆಗೆ ಮೊದಲೇ ಕಪ್ಪುಹಲಗೆ ಮೇಲೆ ಬರೆಯಿರಿ, ಮಕ್ಕಳು ನೋಡಲಿ, ಅದರಲ್ಲಿ ಗುಟ್ಟು ಏನಿದೆ? ತಿದ್ದುವಾಗ ಹೆಸರಿರುವ ಹಾಳೆ ಮಡಿಚಿಟ್ಟುಕೊಳ್ಳಿ. ಎಲ್ಲರ ಒಂದನೇ ಪ್ರಶ್ನೆ ಮುಗಿಸಿ ಆಮೇಲೆ ಎಲ್ಲರ ಎರಡನೇ ಪ್ರಶ್ನೆಗೆ ಹೋಗಿ. ಒಬ್ಬ ಮಗುವಿನ ಮೊದಲ ಉತ್ತರ ಚೆನ್ನಾಗಿದ್ದರೆ ಮುಂದಿನವೂ ಚೆನ್ನಾಗಿಯೇ ಕಾಣುತ್ತವೆ, ಅದನ್ನು ತಪ್ಪಿಸಲು ಇದಕ್ಕಿಂತ ಸುಲಭ ದಾರಿ ಇಲ್ಲ. ಗಣಿತದಲ್ಲಾದರೆ ಮೊದಲ ಹೆಜ್ಜೆಯ ತಪ್ಪಿಗೆ ಒಂದೇ ಸಲ ಅಂಕ ಕಳೆಯಿರಿ. ಆ ತಪ್ಪು ಸಂಖ್ಯೆಯನ್ನೇ ಹಿಡಿದು ಮುಂದಿನ ಹೆಜ್ಜೆಗಳನ್ನು ಸರಿಯಾಗಿ ಮಾಡಿದ್ದರೆ ಆ ಹೆಜ್ಜೆಗಳ ಅಂಕ ಮಗುವಿಗೆ ಸೇರಬೇಕು.

ಪ್ರಶ್ನೆ: ಮನೆಗೆಲಸ ತಡವಾಗಿ ತಂದರೆ, ನೋಟ್‌ಬುಕ್ಕಿಗೆ ಬೈಂಡ್ ಹಾಕದಿದ್ದರೆ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂಕದಲ್ಲಿ ಕಳೆಯುತ್ತೇನೆ. ಶಿಸ್ತು ಬೇಕಲ್ಲ?
— ಶಿಕ್ಷಕ, ತುಮಕೂರು ಜಿಲ್ಲೆ

ಉತ್ತರ: ಶಿಸ್ತು ಬೇಕು, ಅಂಕದಿಂದ ಬೇಡ. 15ಕ್ಕೆ 9 ಅಂತ ನೋಡಿದವರಿಗೆ ಅದು ಗಣಿತ ಬರದ 9 ಅಥವಾ ಬೈಂಡ್ ಹಾಕದ 9 ಅಂತ ಹೇಗೆ ಗೊತ್ತಾಗಬೇಕು? ಬೇರೆ ಕಾಲಂ ಮಾಡಿ, ಅಲ್ಲಿ ಬರೆಯಿರಿ, ಪೋಷಕರಿಗೆ ಹೇಳಿ. ಬೈಂಡ್ ಹಾಳೆಗೆ ದುಡ್ಡು ಬೇಕಾಗುತ್ತದೆ ಅನ್ನುವುದೂ ನೆನಪಿರಲಿ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುತ್ತೇನೆ. ಎಸ್ಸೆಸ್ಸೆಲ್ಸಿಗೆ ಲಿಖಿತ ಪರೀಕ್ಷೆ 80, ಆಂತರಿಕ ಅಂಕ 20. ನಮ್ಮಲ್ಲಿ ಆ 20ಕ್ಕೆ ಎಲ್ಲರಿಗೂ 19, 20 ಹಾಕುವ ರೂಢಿ. ಪ್ರಾಜೆಕ್ಟ್‌ಗಳೆಲ್ಲ ಸೈಬರ್ ಸೆಂಟರ್‌ನಲ್ಲಿ ಪ್ರಿಂಟ್ ಹಾಕಿಸಿದ್ದು. ನಾನೊಬ್ಬಳೇ ಬಿಗಿ ಮಾಡಿದರೆ ನಮ್ಮ ಮಕ್ಕಳಿಗೇ ನಷ್ಟ ಅಲ್ವಾ?
— ಶಿಕ್ಷಕಿ, ಹಾಸನ ಜಿಲ್ಲೆ

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಅಂಕ ಬಿಗಿ ಮಾಡಿ ಅಂತ ನಾನು ಹೇಳುವುದಿಲ್ಲ. ಕೆಲಸ ಬದಲಿಸಿ ಅಂತ ಹೇಳುತ್ತೇನೆ.

ಪ್ರಿಂಟ್ ಹಾಕಿಸಿದ ಪ್ರಾಜೆಕ್ಟ್ ಅಳೆಯುವುದು ಅಪ್ಪನ ಜೇಬನ್ನು. ಶಾಲೆಯಲ್ಲೇ, ನಿಮ್ಮ ಕಣ್ಣೆದುರೇ, ಎರಡು ಮೂರು ಅವಧಿಯಲ್ಲಿ ಮುಗಿಯುವ ಕೆಲಸ ಕೊಡಿ. ಪಂಚಾಯಿತಿ ಕೆಲಸದ ಬಗ್ಗೆ ಮನೆಯ ಹಿರಿಯರಿಗೆ ಐದು ಪ್ರಶ್ನೆ ಕೇಳಿಕೊಂಡು ಬರಲಿ, ತರಗತಿಯಲ್ಲಿ ಕೂತು ಗುಂಪಿನಲ್ಲಿ ಕೋಷ್ಟಕ ಮಾಡಲಿ, ತಮಗೆ ಏನು ಗೊತ್ತಾಯಿತು ಅಂತ ಒಬ್ಬೊಬ್ಬರೇ ಅರ್ಧ ಪುಟ ಬರೆಯಲಿ. ಬಿಳಿ ಹಾಳೆ ಮತ್ತು ಪೆನ್ನು ಬಿಟ್ಟರೆ ಖರ್ಚಿಲ್ಲ. ಮೊದಲ ಸಲ ಸರಿ ಬರದಿದ್ದರೆ ಏನು ಕಮ್ಮಿ ಅಂತ ತೋರಿಸಿ ಮತ್ತೆ ಬರೆಯಲು ಬಿಡಿ, ಎರಡನೇ ಸಲದ ಅಂಕವನ್ನೇ ಹಾಕಿ. ಆಗ ಬಹಳ ಮಕ್ಕಳಿಗೆ ಒಳ್ಳೆಯ ಅಂಕವೇ ಬರುತ್ತದೆ, ಆದರೆ ಆ ಅಂಕದ ಹಿಂದೆ ಅವರದೇ ಕೈಬರಹದ ಹಾಳೆ ಇರುತ್ತದೆ. ಯಾರು ಕೇಳಿದರೂ ತೆಗೆದು ತೋರಿಸಬಹುದು.

ಪ್ರಶ್ನೆ: ನನ್ನ ತರಗತಿಯಲ್ಲಿ 52 ಮಕ್ಕಳು. ಪರೀಕ್ಷೆ ಮಾಡಿ, ತಿದ್ದಿ, ಅಂಕ ಏರಿಸುವಷ್ಟರಲ್ಲಿ ಮುಂದಿನ ಪಾಠ ಬಂದಿರುತ್ತದೆ. ಪರೀಕ್ಷೆ ನೋಡಿ ಕಲಿಸುವ ರೀತಿ ಬದಲಿಸಿ ಅನ್ನುತ್ತಾರೆ. ಸಮಯ ಎಲ್ಲಿಂದ ತರಲಿ?
— ಶಿಕ್ಷಕ, ಕಲಬುರಗಿ ಜಿಲ್ಲೆ

ಉತ್ತರ: ಎಲ್ಲ ಪರೀಕ್ಷೆಗೂ ಅಂಕ ಹಾಕಬೇಡಿ, ಸಮಯ ಅಲ್ಲೇ ಸಿಗುತ್ತದೆ. ರೂತ್ ಬಟ್ಲರ್ ಅನ್ನುವ ಸಂಶೋಧಕಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ ಟಿಪ್ಪಣಿ ಪಡೆದ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದರು. ಅಂಕ ಮತ್ತು ಟಿಪ್ಪಣಿ ಎರಡನ್ನೂ ಪಡೆದವರಲ್ಲಿ ಆ ಸುಧಾರಣೆ ಕಾಣಲಿಲ್ಲ. ಅಂಕ ಕಂಡರೆ ಮಕ್ಕಳು ಪಕ್ಕದವನ ಅಂಕ ನೋಡುತ್ತಾರೆ, ಟಿಪ್ಪಣಿ ಓದುವುದಿಲ್ಲ. ಇದನ್ನು ನೀವೂ ನೋಡಿರುತ್ತೀರಿ.

52 ಮಕ್ಕಳಿಗೆ ಉದ್ದ ಟಿಪ್ಪಣಿ ಬರೆಯುವುದು ಆಗದ ಮಾತು, ನಿಜ. ಅವಧಿ ಮುಗಿಯುವ ಮುಂಚೆ ಐದು ನಿಮಿಷ ಇರುವಾಗ ಒಂದೇ ಒಂದು ಪ್ರಶ್ನೆ ಕೊಡಿ, ಮೇಲೆ ಹೇಳಿದ 0.3, 0.35, 0.278ರ ಥರದ್ದು. ಚೀಟಿಯಲ್ಲಿ ಉತ್ತರ ಮತ್ತು ಒಂದು ಸಾಲಿನ ಕಾರಣ ಬರೆಸಿ. ಅಂಕ ಹಾಕಬೇಡಿ, ಚೀಟಿಗಳನ್ನು ಮೂರು ರಾಶಿ ಮಾಡಿ. ಸರಿ ಉತ್ತರ ಬರೆದು ಕಾರಣ ತಪ್ಪು ಬರೆದವರನ್ನು ಸರಿಯ ರಾಶಿಗೆ ಹಾಕಬೇಡಿ. ಯಾವ ರಾಶಿ ದೊಡ್ಡದು ಅನ್ನುವುದರ ಮೇಲೆ ನಾಳೆಯ ಮೊದಲ ಹದಿನೈದು ನಿಮಿಷ ಏನು ಮಾಡಬೇಕು ಅಂತ ಗೊತ್ತಾಗುತ್ತದೆ.

ದೊಡ್ಡ ಪರೀಕ್ಷೆಯ ನಂತರವೂ ಎಲ್ಲವನ್ನೂ ವಿಶ್ಲೇಷಣೆ ಮಾಡಲು ಹೋಗಬೇಡಿ. ಒಂದು ಹಾಳೆಯಲ್ಲಿ ಪ್ರಶ್ನೆಗಳ ಸಂಖ್ಯೆ ಬರೆದು, ತಿದ್ದುವಾಗಲೇ ತಪ್ಪು ಮಾಡಿದವರಿಗೆ ಒಂದೊಂದು ಗೆರೆ ಹಾಕುತ್ತಾ ಹೋಗಿ. ಯಾವ ಪ್ರಶ್ನೆಗೆ ಗೆರೆ ಜಾಸ್ತಿ ಬಿದ್ದಿದೆಯೋ ಅಲ್ಲಿ ನಿಲ್ಲಿ. ತರಗತಿಯಲ್ಲಿ ಚೆನ್ನಾಗಿ ಕಲಿಯುವ ಮಕ್ಕಳೂ ಅದನ್ನೇ ತಪ್ಪಿದ್ದರೆ ಒಂದೋ ಪ್ರಶ್ನೆಯ ಮಾತು ಗೊಂದಲದ್ದು, ಇಲ್ಲವೇ ಆ ಭಾಗ ತರಗತಿಯಲ್ಲಿ ಮುಟ್ಟಿಲ್ಲ. ಪ್ರಶ್ನೆ ಗೊಂದಲದ್ದು ಅಂತ ಖಚಿತವಾದರೆ ಅದನ್ನು ಬಿಟ್ಟು ಉಳಿದ ಅಂಕಕ್ಕೆ ಲೆಕ್ಕ ಹಾಕಿ, ಮಕ್ಕಳಿಗೂ ಹಾಗಂತ ಹೇಳಿ. ಆ ಪ್ರಶ್ನೆಯನ್ನು ಸರಿಪಡಿಸಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಪಕ್ಕದಲ್ಲಿ ಯಾವ ಕಲಿಕಾ ಫಲ ಮತ್ತು ಮಕ್ಕಳು ಮಾಡಿದ ತಪ್ಪು ಯಾವುದು ಅಂತ ಇರಲಿ. ನಿಮ್ಮ ಕ್ಲಸ್ಟರಿನಲ್ಲಿ (ಸುತ್ತಲಿನ ಶಾಲೆಗಳ ಗುಂಪಿನಲ್ಲಿ) ಇದೇ ವಿಷಯ ಹೇಳುವ ಇನ್ನಿಬ್ಬರು ಹೀಗೇ ಬರೆದಿಟ್ಟರೆ ವರ್ಷದ ಕೊನೆಗೆ ಮೂವರ ನೋಟ್‌ಬುಕ್ಕೂ ಸೇರಿಸಿ ನೋಡಿ, ಮುಂದಿನ ಜೂನ್‌ನಲ್ಲಿ ಗೈಡ್ ತೆರೆಯುವ ಅಗತ್ಯ ಬೀಳುವುದಿಲ್ಲ.